ಹಂಸದೊಳಗಿನ ಎರಡು ಕಮಾನು

ಸಣ್ಣ ವಿಷಯ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೂರನೆಯ ರಾತ್ರಿ ಕಳೆದ ಬೆಳಗಿನ ಜಾವ, ಬಿಳಿಚಿತ್ರ ತೆಗೆಯುವುದಕ್ಕೆ ಮುಂಚೆಯೇ ನಾನು ಕ್ಯಾಮೆರಾದ ಫಿಲ್ಟರು ಕೂರುವ ಖಾನೆ ತೆರೆದಿದ್ದೆ.

ದಿನಚರಿಯಲ್ಲಿ ಇಷ್ಟು ಬರೆದು ಪೆನ್ನಿಗೆ ಮುಚ್ಚಳ ಹಾಕಿದೆ. ಮತ್ತೆ ತೆಗೆದು ‘ಹತ್ತು ಸೆಕೆಂಡು ಮಾತ್ರ’ ಎಂದು ಸೇರಿಸಿದೆ. ಅದು ನಿಜವಲ್ಲ. ಹೊಡೆದುಹಾಕಿ ‘ಒಂದು ನಿಮಿಷ’ ಎಂದು ಬರೆದೆ. ನನ್ನ ದಿನಚರಿಯನ್ನು ನನ್ನ ಹೊರತು ಯಾರೂ ಓದುವುದಿಲ್ಲ. ಆದರೂ ಅದರ ಜೊತೆ ಚೌಕಾಸಿ ಮಾಡುತ್ತೇನೆ.

ಅನಾರಕ್ ಊರು ದಾಟಿದ ಮೇಲೆ ಸಿಗುವ ಮರಳ ಬಯಲಿನಲ್ಲಿ ಮೂರು ರಾತ್ರಿ ಇದ್ದೆವು. ಉಸ್ತಾದ್ ಸಬೂರಿ, ಅವರ ಹೆಂಡತಿ ತಾಹೆರೆ ಖಾನುಮ್, ನಾನು. ಉಸ್ತಾದರು ನಾಯೀನ್ ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವರು, ದೂರದರ್ಶಕ ಅವರದು. ಕ್ಯಾಮೆರಾದ ಕೆಲಸ ನನ್ನದು. ಯಜ್ದ್‌ನಲ್ಲಿ ಪದವಿ ಮುಗಿಸಿ ಮನೆಗೆ ಬಂದು ಒಂದು ವರ್ಷವಾಯಿತು. ಈ ಒಂದು ವರ್ಷದಲ್ಲಿ ನಾನು ನೆಟ್ಟಗೆ ಮಾಡಿದ ಕೆಲಸ ಇದೊಂದೇ. ಕತ್ತಲಲ್ಲಿ ಮಾಡುವ ಕೆಲಸವಾದ್ದರಿಂದ ಯಾರ ಮುಖವನ್ನೂ ನೋಡಿ ಮಾತಾಡಬೇಕಾಗಿಲ್ಲ ಎಂಬುದೂ ಒಂದು ಕಾರಣ.

ನಾವು ಹಿಡಿಯುತ್ತಿದ್ದುದು ಹಂಸ ನಕ್ಷತ್ರಪುಂಜದ ಹಿಲಾಲ್, ಅಂದರೆ ಬಿದಿಗೆ ಚಂದ್ರ, ಎಂಬ ನೀಹಾರಿಕೆಯನ್ನು. ಅದರ ನಡುವೆ ಒಂದು ದೈತ್ಯ ನಕ್ಷತ್ರವಿದೆ. ಅದಕ್ಕೆ ಸುಮ್ಮನಿರಲು ಬರುವುದಿಲ್ಲ. ತನ್ನ ಮೈಯನ್ನೇ ಗಾಳಿ ಮಾಡಿ ಊದುತ್ತದೆ. ಹಿಂದೊಮ್ಮೆ ಮೆಲ್ಲಗೆ ಬಿಟ್ಟ ಉಸಿರನ್ನು ಈಗಿನ ಬಿರುಗಾಳಿ ಅಟ್ಟಿಸಿಕೊಂಡು ಹೋಗಿ ಗುದ್ದುತ್ತದೆ. ಗುದ್ದಿದ ಕಡೆ ಅನಿಲ ಒತ್ತಿ ಚಿಪ್ಪಿನಂತಾಗಿ, ನಕ್ಷತ್ರದ ಕಾವಿಗೆ ತಾನೇ ಹೊಳೆಯುತ್ತದೆ. ಜಲಜನಕ ಕೆಂಪಗೆ, ಆಮ್ಲಜನಕ ನೀಲಿಹಸಿರಾಗಿ. ಕೆಂಪನ್ನು ಹೋದ ತಿಂಗಳೇ ಹಿಡಿದಿದ್ದೆವು. ಈ ಮೂರು ರಾತ್ರಿ ಪೂರ್ತಿ ಆಮ್ಲಜನಕದ ಫಿಲ್ಟರು.

ಹಾಗಾಗಿ ಮೂರು ದಿನವೂ ಕ್ಯಾಮೆರಾ ಬಿಚ್ಚಿರಲಿಲ್ಲ. ಕೊನೆಯ ದಿನ ಆಕಾಶ ಬೆಳ್ಳಗಾಗುವಾಗ ದೂರದರ್ಶಕದ ಬಾಯಿಗೆ ಬಿಳಿ ಬಟ್ಟೆ ಬಿಗಿದು ಬರೀ ಬೆಳಕಿನ ಮೂವತ್ತು ‘ಬಿಳಿಚಿತ್ರ’ ತೆಗೆಯಬೇಕು. ಗಾಜಿನ ಮೇಲಿನ ಧೂಳು, ಮೂಲೆಯ ಮಬ್ಬು ಎಲ್ಲ ಅದರಲ್ಲಿ ಬೀಳುತ್ತವೆ. ಬಿಳಿಚಿತ್ರದಲ್ಲಿ ಎಲ್ಲೆಲ್ಲಿ ಮಬ್ಬಿದೆಯೋ ಅಲ್ಲಲ್ಲಿ ಕಂಪ್ಯೂಟರು ನಮ್ಮ ಚಿತ್ರವನ್ನು ಅಷ್ಟೇ ಬೆಳಗಿಸಿ ಸರಿಮಾಡುತ್ತದೆ. ಅದಕ್ಕೇ ಉಸ್ತಾದರದು ಒಂದೇ ಕಟ್ಟಳೆ: ಬಿಳಿಚಿತ್ರ ಮುಗಿಯುವ ತನಕ ಖಾನೆಯನ್ನು ಮುಟ್ಟಬಾರದು.

ನಾನು ಮುಟ್ಟಿದೆ. ನಿದ್ದೆಗೆಟ್ಟ ಕೈಗಳು ತಾವಾಗಿ ಗಂಟುಮೂಟೆ ಕಟ್ಟಲು ಶುರುಮಾಡಿದ್ದವು. ಖಾನೆ ಎಳೆದು ಫಿಲ್ಟರು ಕೈಗೆ ಬಂದ ಮೇಲೆ ನೆನಪಾಯಿತು. ಹೆಗಲ ಮೇಲೆ ಬಾಬಾ, ನನ್ನ ಅಪ್ಪ, ನೇಯ್ದ ಬಿಳಿ ಬಟ್ಟೆ ಇತ್ತು. ಗಾಳಿಯೂ ಇತ್ತು. ತಾಹೆರೆ ಖಾನುಮ್ ಜೀಪಿನ ಹಿಂದೆ ಚಹಾ ಕಾಸುತ್ತ ಗಂಡನನ್ನು ಬೈಯುತ್ತಿದ್ದರು. ಯಾರೂ ನೋಡಲಿಲ್ಲ. ಫಿಲ್ಟರನ್ನು ಮತ್ತೆ ಒಳಗೆ ನೂಕಿದೆ. ಬಟ್ಟೆ ಬಿಗಿದೆ. ಮೂವತ್ತು ಚಿತ್ರ ತೆಗೆದೆ.

ಮನೆಗೆ ಬಂದು ಮೂರು ರಾತ್ರಿಯ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ, ಅತಿ ಮಂದವಾದ ಬೆಳಕನ್ನು ಹಿಗ್ಗಿಸಿದಾಗ, ಹಿಲಾಲ್‌ನ ಆಚೆಗೆ ಎಡಕ್ಕೊಂದು, ಬಲಕ್ಕೊಂದು, ತೆಳುವಾದ ಎರಡು ಕಮಾನು ಕಂಡವು. ನಕ್ಷತ್ರವನ್ನು ಯಾರೋ ಬೊಗಸೆಯಲ್ಲಿ ಹಿಡಿದ ಹಾಗೆ. ಹಳೆಯ ಯಾವ ಚಿತ್ರದಲ್ಲೂ ಅವು ಇರಲಿಲ್ಲ. ಉಸ್ತಾದರಿಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನಿಗೆ ಅವರ ಧ್ವನಿಸಂದೇಶ ಬಂತು.

“ಮಗಳೇ, ಗೊಲ್ನಾರ್, ಇದೇನು ಮಾಡಿದೀಯಮ್ಮ ನೀನು? ತಾಹೆರೆ, ಬಾ ಇಲ್ಲಿ, ಕೈ ಒರೆಸ್ಕೊಂಡು ಬಾ! ಮೂವತ್ತು ವರ್ಷ ಬೇರೆಯವರು ಕಂಡಿದ್ದನ್ನೇ ಮಕ್ಕಳಿಗೆ ತೋರಿಸ್ಕೊಂಡು ಬಂದೆ. ಇದನ್ನ ನಾವು ಮೊದಲು ನೋಡಿದೀವಿ. ನಾವು!”

ಹಿಂದಿನಿಂದ ತಾಹೆರೆ ಖಾನುಮ್: “ಎಲ್ಲಿ? ನಂಗೇನೂ ಕಾಣ್ತಿಲ್ಲ. ಈ ಹೊಗೇನಾ?”

ಆ ಧ್ವನಿಯನ್ನು ಆ ದಿನ ಹನ್ನೊಂದು ಸಲ ಕೇಳಿದೆ. ಖಾನೆಯ ವಿಷಯ ಆಗಲೂ ಒಳಗೆಲ್ಲೋ ಚುಚ್ಚುತ್ತಿತ್ತು. ಆದರೆ ಸಂತೋಷ ಅದರ ಮೇಲೆ ಕೂತಿತ್ತು.

ಭಾನುವಾರ ಉಸ್ತಾದರು ಟೆಹರಾನಿನ ಮೊನೀರೆ ಎಂಬವರಿಗೆ ಚಿತ್ರ ಕಳಿಸಿದರು. ಮೊನೀರೆ ಉಸ್ತಾದರ ಹಳೆಯ ಶಿಷ್ಯೆ, ಇಂಥ ಗಾಳಿಯೂದುವ ನಕ್ಷತ್ರಗಳ ಮೇಲೆಯೇ ಸಂಶೋಧನೆ ಮಾಡುತ್ತಿರುವವರು. ಬೆಟ್ಟದ ಮೇಲಿನ ದೊಡ್ಡ ದೂರದರ್ಶಕದಲ್ಲಿ ಅವರಿಗೆ ಎರಡು ರಾತ್ರಿ ಸಿಕ್ಕಿತ್ತು, ಎರಡು ವರ್ಷ ಕಾದ ಮೇಲೆ. ಆ ಎರಡು ರಾತ್ರಿಯನ್ನು ನಮ್ಮ ಕಮಾನುಗಳಿಗೆ ಕೊಡುತ್ತೇನೆ ಎಂದರಂತೆ. ಗುರುವಾರ ಸಂಜೆ ನಾಯೀನ್‌ಗೆ ಬಂದು, ನಮ್ಮೆದುರೇ ಬೆಟ್ಟದವರಿಗೆ ಏನನ್ನು ನೋಡಬೇಕೆಂಬ ಪತ್ರ ಕಳಿಸುತ್ತಾರಂತೆ. ಪತ್ರಕ್ಕೆ ಗಡುವೂ ಅದೇ ಸಂಜೆ.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಗಿಲು ಹಾಕಿದ್ದೇನೋ ಇಲ್ಲವೋ ಎಂದು ಎದ್ದು ನೋಡುವುದು, ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುವುದು. ಮಂಗಳವಾರ ಮಧ್ಯಾಹ್ನ, ಇಡೀ ಓಣಿ ಬಿಸಿಲಿಗೆ ಬಾಗಿಲು ಹಾಕಿ ಮಲಗಿದ್ದಾಗ, ದಿನಚರಿಯಲ್ಲಿ ಕಮಾನುಗಳ ರೇಖೆ ಬರೆದೆ. ನಡುವೆ ನಕ್ಷತ್ರಕ್ಕೊಂದು ಚುಕ್ಕಿ. ನೀರು ಕುಡಿದು ಬಂದು ಪುಸ್ತಕ ಎತ್ತಿಕೊಂಡಾಗ ಅದನ್ನು ತಲೆಕೆಳಗಾಗಿ ಹಿಡಿದಿದ್ದೆ. ಚಿತ್ರ ಬದಲಾಗಿರಲಿಲ್ಲ. ಎಡಕಮಾನು ಬಲಕಮಾನಿನ ಜಾಗದಲ್ಲಿ, ಬಲದ್ದು ಎಡದ ಜಾಗದಲ್ಲಿ, ಬಾಗು ಬಾಗಿಗೆ ಕೂತಿತ್ತು. ಎಡದ್ದರ ಕೆಳತುದಿಯ ಸಣ್ಣ ಕೊಕ್ಕೆ ಸಹ ಬಲದ್ದರ ಮೇಲ್ತುದಿಯ ಕೊಕ್ಕೆ ಇದ್ದಲ್ಲೇ.

ಗಾಳಿ ಇಷ್ಟು ನೇಮವಾಗಿ ಬೀಸುವುದನ್ನು ನಾನು ನೋಡಿಲ್ಲ. ನಮ್ಮೂರಲ್ಲಂತೂ ಇಲ್ಲ.

ಆಗ ನೆನಪಾಯಿತು. ಹಂಸ ನೆತ್ತಿಗೆ ಬರುವ ಹೊತ್ತಿಗೆ ದೂರದರ್ಶಕ ತನ್ನ ಕಂಬಕ್ಕೆ ತಾಗುವ ಹಾಗಾಗುತ್ತದೆ. ಆಗ ಅದು ಪೂರ್ತಿ ಮೈ ತಿರುವಿ, ಕಂಬದ ಇನ್ನೊಂದು ಬದಿಯಿಂದ ಅದೇ ನಕ್ಷತ್ರವನ್ನು ಮತ್ತೆ ಹಿಡಿಯುತ್ತದೆ. ಅಲ್ಲಿಂದ ಮುಂದೆ ಕ್ಯಾಮೆರಾ ತಲೆಕೆಳಗು. ಕಂಪ್ಯೂಟರು ಆ ಚಿತ್ರಗಳನ್ನು ನೆಟ್ಟಗೆ ತಿರುಗಿಸಿ ಪೇರಿಸುತ್ತದೆ. ಆಕಾಶದಲ್ಲಿರುವುದು ಆಕಾಶದ ಜೊತೆಗೇ ನೆಟ್ಟಗಾಗುತ್ತದೆ. ಕ್ಯಾಮೆರಾದೊಳಗಿರುವುದು ಎದುರು ಬದಿಗೆ ಹೋಗುತ್ತದೆ.

ಮೂರು ರಾತ್ರಿಯ ಚಿತ್ರಗಳನ್ನು ಎರಡು ಪಾಲು ಮಾಡಿದೆ. ನೆತ್ತಿ ದಾಟುವ ಮುಂಚಿನವು, ದಾಟಿದ ಮೇಲಿನವು. ಬೇರೆ ಬೇರೆ ಪೇರಿಸಿದೆ. ಕಂಪ್ಯೂಟರು ನಲವತ್ತು ನಿಮಿಷ ತೆಗೆದುಕೊಂಡಿತು. ಅಷ್ಟು ಹೊತ್ತೂ ನಾನು ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಡೆದೆ.

ಮೊದಲ ಪಾಲಿನಲ್ಲಿ ಎಡಕಮಾನು ಮಾತ್ರ ಇತ್ತು. ಎರಡನೆಯದರಲ್ಲಿ ಬಲದ್ದು ಮಾತ್ರ.

ಆಕಾಶ ಮೊದಲ ಜಾವದಲ್ಲಿ ಒಂದು ಕೈ ಚಾಚಿ, ನಡುರಾತ್ರಿಯ ಮೇಲೆ ಅದನ್ನು ಮಡಿಸಿಟ್ಟು ಇನ್ನೊಂದನ್ನು ಚಾಚುವುದಿಲ್ಲ. ಅದು ಒಂದೇ ಕಮಾನು. ಕ್ಯಾಮೆರಾದೊಳಗಿನದು. ಬಿಳಿಚಿತ್ರದಲ್ಲಿ ಬಿದ್ದ ಯಾವುದೋ ನೆರಳನ್ನು ಸರಿಮಾಡಲು ಹೋಗಿ ಕಂಪ್ಯೂಟರು ಮೂರು ರಾತ್ರಿಯ ಚಿತ್ರಗಳಲ್ಲೂ ಆ ಜಾಗವನ್ನು ಬೆಳಗಿಸಿತ್ತು.

ಬುಧವಾರ ಬಾಬಾನ ಮಗ್ಗದ ಮನೆಗೆ ಹೋದೆ. ನಮ್ಮೂರು ಮೊಹಮ್ಮದೀಯೆಯಲ್ಲಿ ಮಗ್ಗಗಳೆಲ್ಲ ನೆಲದೊಳಗೆ, ಗವಿಗಳಲ್ಲಿ. ಮೆಟ್ಟಿಲಿಳಿದರೆ ತಣ್ಣಗೆ, ಒಂಟೆಯುಣ್ಣೆಯ ವಾಸನೆ. ಬಾಬಾ ಗುಂಡಿಯೊಳಗೆ ಕಾಲಿಳಿಬಿಟ್ಟು ಬಿಳಿ ಅಬಾ ನಿಲುವಂಗಿಯ ಬಟ್ಟೆ ನೇಯುತ್ತಿದ್ದ.

“ಬಾ ಗೊಲ್ನಾರ್ ಜಾನ್. ನಿನ್ನೆಯಿಂದ ಮೆಟ್ಟಿದ ನಾಯಿ ಥರ ಮುಖ ಮಾಡ್ಕೊಂಡಿದೀಯ. ಏನು?”

“ಏನಿಲ್ಲ. ಆ ಬಿಳಿ ಬಟ್ಟೆ... ನಂಗೆ ಕೊಟ್ಟಿದ್ದು. ಅದು ಎಳೆ ಬಿಡುತ್ತಾ?”

ಬಾಬಾ ಲಾಳಿ ನಿಲ್ಲಿಸಿದ. “ಬಿಡುತ್ತಾ ಅಂತ ಕೇಳ್ತೀಯಲ್ಲ! ಎಳೆ ಬಿಡುತ್ತೆ ಅಂತಾನೇ ಅದನ್ನ ಮಾರಲಿಲ್ಲ. ವಸಂತದ ಉಣ್ಣೆ, ಬಾಚಿದ್ದು ಸಾಲದು. ಹಿಂಗೆ ಕೊಡವಿದ್ರೆ ನಾಕು ಕೂದಲು ಬೀಳುತ್ತೆ. ಅವತ್ತೇ ಹೇಳಿದ್ನಲ್ಲ, ನೀನು ಆಕಾಶ ನೋಡ್ತಾ ನಿಂತಿದ್ದೆ.”

ಮಗ್ಗದ ಪಕ್ಕದಿಂದ ಉದುರಿದ ಒಂದು ಕೂದಲನ್ನು ಹೆಕ್ಕಿ ನನ್ನ ಅಂಗೈಯಲ್ಲಿಟ್ಟ. ಬಿಳಿ, ಬಾಗಿದ್ದು. ಒಂದು ತುದಿಯಲ್ಲಿ ಸಣ್ಣ ಕೊಕ್ಕೆ.

“ಯಾಕೆ, ನಿನ್ನ ನಕ್ಷತ್ರಕ್ಕೆ ಅಬಾ ಹೊದಿಸಿದ್ಯಾ?”

ನಾನು ನಗಬೇಕಿತ್ತು. ಬಾಬಾ ನನ್ನ ಮುಖ ನೋಡಿದ. ಏನೂ ಕೇಳದೆ ಲಾಳಿ ಎಸೆಯಲು ಶುರುಮಾಡಿದ. ನನ್ನ ಬಾಯಿಯ ಬೀಗ ಯಾರಿಂದ ಬಂತು ಎಂದು ಯಾರೂ ಕೇಳಬೇಕಾಗಿಲ್ಲ.

ಮೆಟ್ಟಿಲ ಮೇಲೆಯೇ ನಿಂತು ಫೋನಿನಲ್ಲಿ ಉಸ್ತಾದರಿಗೆ ಬರೆಯತೊಡಗಿದೆ. ‘ಉಸ್ತಾದ್, ಕಮಾನುಗಳು ಸುಳ್ಳು’ ಎಂದು ಬರೆದು ಅಳಿಸಿದೆ. ‘ಉಸ್ತಾದ್, ಒಂದು ಅನುಮಾನ’ ಎಂದು ಬರೆದು ಅಳಿಸಿದೆ. ಕೊನೆಗೆ ಹೋದದ್ದು ಹೀಗೆ: ‘ಉಸ್ತಾದ್, ತಮ್ಮ ಮುಂದೆ ನಾನು ಏನೂ ಅಲ್ಲ. ನನ್ನ ಕೆಲಸ ಅರೆಬರೆ. ಮೊನೀರೆ ಖಾನುಮ್‌ಗೆ ತೊಂದರೆ ಕೊಡುವ ಮುಂಚೆ ಇನ್ನೊಮ್ಮೆ ನೋಡಿದರೆ ಒಳ್ಳೆಯದೇನೋ.’

ಉತ್ತರ ಬಂತು: ‘ಹೂವಿನಂಥ ಹುಡುಗಿ. ನಿನ್ನ ವಿನಯಕ್ಕೆ ನಾನು ಬಲಿ. ನಾಳೆ ಆರಕ್ಕೆ ಬಾ, ಕಲ್ಲಂಗಡಿ ತಂದಿದ್ದೇನೆ.’

ತಪ್ಪು ನನ್ನದೇ. ನಮ್ಮಲ್ಲಿ ಕೈತುಂಬ ಸಾಮಾನು ಹೊತ್ತವರೂ ‘ನಾನೇನೂ ತಂದಿಲ್ಲ’ ಎನ್ನುತ್ತಾರೆ. ಅಡುಗೆ ಮಾಡಿದವಳು ‘ಉಪ್ಪಿಲ್ಲ, ರುಚಿಯಿಲ್ಲ’ ಎನ್ನುತ್ತಾಳೆ. ಬಾಗಿಲಲ್ಲಿ ಇಬ್ಬರು ‘ನೀವು ಮೊದಲು’, ‘ಛೆ, ನೀವು’ ಎಂದು ಕಾಲು ನೋಯುವವರೆಗೂ ನಿಲ್ಲುತ್ತಾರೆ. ಇದಕ್ಕೆ ತಾರೋಫ್ ಎಂದು ಹೆಸರು, ಎಲ್ಲರೂ ಅದನ್ನು ತಾಯ ಹಾಲಿನ ಜೊತೆ ಕುಡಿದಿರುತ್ತೇವೆ. ನಾನು ನನ್ನನ್ನು ಹಳಿದುಕೊಂಡಷ್ಟೂ ಅದು ಬರೀ ಒಳ್ಳೆಯ ನಡತೆಯಾಗಿ ಕೇಳಿಸುತ್ತದೆ.

ಗುರುವಾರ ಆರಕ್ಕೆ ಹತ್ತು ನಿಮಿಷ ಇರುವಾಗಲೇ ಉಸ್ತಾದರ ಬಾಗಿಲಲ್ಲಿದ್ದೆ. ಎರಡು ಪಾಲಿನ ಚಿತ್ರಗಳೂ ನನ್ನ ಚೀಲದಲ್ಲಿದ್ದವು, ಅಚ್ಚು ಹಾಕಿಸಿದ್ದು. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಬಾಗಿಲು ತೆರೆದ ತಾಹೆರೆ ಖಾನುಮ್ ಎರಡೂ ಕೆನ್ನೆಗೆ ಮುತ್ತಿಟ್ಟ ಕೂಡಲೇ ಅದು ಮರೆತುಹೋಯಿತು.

ಒಳಗೆ ಗೋಡೆಗೆ ಒರಗಿಸಿ ನಮ್ಮ ಚಿತ್ರ ಇಟ್ಟಿದ್ದರು. ಬಾಗಿಲಿನಷ್ಟು ದೊಡ್ಡದು, ಗಾಜಿನ ಚೌಕಟ್ಟು ಹಾಕಿಸಿದ್ದು. ಮೊನೀರೆ ಅದರ ಮುಂದೆ ಮಂಡಿಯೂರಿ ಕೂತಿದ್ದರು. ಮೂವತ್ತರ ಹತ್ತಿರದವರು, ಪ್ರಯಾಣದಲ್ಲಿ ಸುಕ್ಕಾದ ಕೋಟು ಇನ್ನೂ ಮೈಮೇಲಿತ್ತು.

“ಇವಳೇನಾ?” ಎಂದು ಎದ್ದು ನನ್ನ ಕೈ ಹಿಡಿದುಕೊಂಡರು. “ಇಷ್ಟು ಸಣ್ಣವಳು! ನಾನು ಯಾರೋ ಕನ್ನಡಕದ ಅಜ್ಜಿ ಅಂದ್ಕೊಂಡಿದ್ದೆ.”

“ಅಯ್ಯೋ, ಇದು ತಲೆಕೆಳಗಾಗಿದೆಯಲ್ಲ!” ಉಸ್ತಾದರು ಚೌಕಟ್ಟಿನ ಕಡೆ ಓಡಿದರು. “ತಾಹೆರೆ, ನೀನು ಒರಗಿಸಿದ್ದಾ? ನೋಡು, ಹಿಲಾಲ್ ಎಲ್ಲಿಗೆ ಬಾಯಿ ಬಿಟ್ಕೊಂಡಿದೆ!”

“ನಂಗೇನ್ ಗೊತ್ತು, ನಿಮ್ಮ ಹೊಗೆಗೆ ತಲೆ ಯಾವುದು ಬಾಲ ಯಾವುದು.”

ಉಸ್ತಾದರು ಚೌಕಟ್ಟನ್ನು ತಿರುಗಿಸಿ ನಿಲ್ಲಿಸಿ, ಹಿಂದೆ ಸರಿದು, ಮಗುವಿನ ಹಾಗೆ ನಕ್ಕರು. “ಆದ್ರೆ ನೋಡಿ ಮೊನೀರೆ, ಹೆಂಗೆ ಇಟ್ರೂ ಕಮಾನುಗಳು ಹಾಗೇ ಇವೆ. ಎಂಥಾ ಅಚ್ಚುಕಟ್ಟು! ದೇವರು ಕೈವಾರ ಇಟ್ಟು ಬರೆದ ಹಾಗೆ.”

ಮೊನೀರೆಯೂ ನಕ್ಕರು. ಗುಟ್ಟು ಗೋಡೆಗೆ ಒರಗಿ ಎಲ್ಲರ ಮುಂದೆ ನಿಂತಿದೆ, ಒಬ್ಬರಿಗೂ ಕಾಣುತ್ತಿಲ್ಲ.

ಚಹಾ ಬಂತು. ಗಝ್ ಮಿಠಾಯಿ ಬಂತು, ಕಲ್ಲಂಗಡಿ ಬಂತು. ನಾನು ಲೋಟ ಎತ್ತಿದೆ, ಇಟ್ಟೆ, ಎತ್ತಿದೆ.

“ಉಸ್ತಾದ್,” ಎಂದೆ. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು. “ಈ ಚಿತ್ರದಲ್ಲಿ ನಂದೇನೂ ಇಲ್ಲ. ತಪ್ಪಿರಬಹುದು. ನಾನು ಸರಿಯಾಗಿ ಮಾಡಿಲ್ಲ.”

“ಶುರುವಾಯ್ತು!” ತಾಹೆರೆ ಖಾನುಮ್ ಕೈ ಎತ್ತಿದರು. “ಈ ಹುಡುಗಿ ಚಹಾ ಬೇಡ ಅಂತ ಮೂರು ಸಲ ಹೇಳ್ತಾಳೆ, ನಾಲ್ಕನೇ ಸಲ ಎರಡು ಲೋಟ ಕುಡೀತಾಳೆ. ತಾರೋಫ್ ಸಾಕು, ಹಣ್ಣು ತಿನ್ನು.”

“ನಿಜವಾಗ್ಲೂ ತಾರೋಫ್ ಅಲ್ಲ...”

“ಎಲ್ಲರೂ ಹಾಗೇ ಅನ್ನೋದು,” ಎಂದು ಮೊನೀರೆ ನನ್ನ ತಟ್ಟೆಗೆ ಇನ್ನೊಂದು ಹೋಳು ಹಾಕಿದರು. “ನಾನೂ ನಿನ್ನ ವಯಸ್ಸಲ್ಲಿ ಹೀಗೇ ಇದ್ದೆ. ನನ್ನ ಕೆಲಸ ನಂದಲ್ಲ, ಗಾಳಿ ಮಾಡಿದ್ದು ಅಂತ ಹೇಳ್ತಿದ್ದೆ. ಕೊನೆಗೆ ಹೆಸರನ್ನ ಇನ್ನೊಬ್ಬ ಹಾಕ್ಕೊಂಡ. ಹಾಗೆ ಮಾಡ್ಬೇಡ.”

ಉಸ್ತಾದರು ಸಕ್ಕರೆ ಗಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಚಹಾ ಹೀರುತ್ತಿದ್ದರು. “ಹೆಸರು ಆಗ್ಲೇ ಇಟ್ಟಾಯ್ತು. ಗೊಲ್ನಾರ್‌ನ ಕಮಾನು. ನಾನು ಹೇಳೋದಿಷ್ಟೇ, ಕೆಳಗೆ ಎಲ್ಲಾದ್ರೂ ನಾಯೀನ್ ಅಂತ ಬರ್ಲಿ.”

ನನ್ನ ಹೆಸರು. ಒಂದು ಕ್ಷಣ, ದೇವರಾಣೆ, ಒಂದೇ ಕ್ಷಣ, ಸುಮ್ಮನಿದ್ದುಬಿಡೋಣ ಎನ್ನಿಸಿತು. ದೊಡ್ಡ ದೂರದರ್ಶಕ ನೋಡಲಿ. ಏನೂ ಕಾಣದಿದ್ದರೆ ಮೋಡವಿತ್ತು ಎನ್ನಲಿ, ಕಮಾನು ಬಹಳ ಮಂದ ಎನ್ನಲಿ. ಯಾರೂ ನನ್ನ ಹೆಗಲ ಮೇಲಿನ ಬಟ್ಟೆಯನ್ನು ನೆನಪಿಸಿಕೊಳ್ಳುವುದಿಲ್ಲ.

ಮೊನೀರೆ ಕಂಪ್ಯೂಟರು ತೆರೆದು ತೊಡೆಯ ಮೇಲಿಟ್ಟುಕೊಂಡರು. ಪರದೆಯ ಮೇಲೆ ಬೆಟ್ಟದವರಿಗೆ ಹೋಗಬೇಕಾದ ಪತ್ರ ಆಗಲೇ ಅರ್ಧ ತಯಾರಾಗಿತ್ತು. ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಇದು ನನ್ನ ನಕ್ಷತ್ರ,” ಎಂದರು, ಯಾರಿಗೋ ಪರಿಚಯ ಮಾಡಿಸುವ ಹಾಗೆ. “ಎರಡು ವರ್ಷದಿಂದ ಇದಕ್ಕಾಗಿ ಕಾಯ್ತಿದೀನಿ. ಹೋಗ್ಲಿ. ಇದು ಎಲ್ಲೂ ಓಡಿಹೋಗಲ್ಲ. ಇನ್ನೆರಡು ವರ್ಷ ಬಿಟ್ಟು ಕೇಳ್ಕೊಂಡ್ರಾಯ್ತು, ಕೊಟ್ರೆ.”

“ಕೊಡ್ತಾರೆ, ಕೊಡ್ತಾರೆ,” ಎಂದರು ಉಸ್ತಾದರು. ಆದರೆ ಅವರೂ ಪರದೆ ನೋಡಲಿಲ್ಲ.

ಮೊನೀರೆ ಆ ಸಾಲನ್ನು ಅಳಿಸಿದರು. ಒಂದೊಂದೇ ಅಕ್ಷರ ಹಿಂದಕ್ಕೆ ಹೋಯಿತು. ಆ ಜಾಗದಲ್ಲಿ ಹಂಸ ಎಂದು ಬರೆಯತೊಡಗಿದರು.

ನನ್ನ ಬೆರಳುಗಳು ಚೀಲದೊಳಗೆ ಹೋಗಿ ಎರಡು ಚಿತ್ರಗಳ ಅಂಚನ್ನು ಹಿಡಿದಿದ್ದವು. ಈ ಮನೆಯಲ್ಲಿ ಹೇಳಬಹುದಾದ ಮೆತ್ತನೆಯ ಮಾತುಗಳನ್ನೆಲ್ಲ ಹೇಳಿಯಾಗಿತ್ತು. ‘ನಾನು ಏನೂ ಅಲ್ಲ’ ಎಂದರೆ ಹಣ್ಣು ಹಾಕುತ್ತಾರೆ. ‘ತಪ್ಪಿರಬಹುದು’ ಎಂದರೆ ಮುತ್ತಿಡುತ್ತಾರೆ. ಉಳಿದಿದ್ದುದು, ವಿನಯ ಎಂದು ಯಾರೂ ತಿಳಿಯಲಾಗದ ಮಾತು ಮಾತ್ರ. ದಿನ, ಹೊತ್ತು, ಕೈ, ಕೂದಲು.

ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತೆ. ಯಾರೂ ಎದ್ದಿರಲಿಲ್ಲವಾದ್ದರಿಂದ ಎಲ್ಲರೂ ತಲೆಯೆತ್ತಿ ನನ್ನನ್ನೇ ನೋಡಿದರು. ಇಷ್ಟು ಕಣ್ಣುಗಳು ಒಟ್ಟಿಗೆ ನನ್ನ ಮೇಲೆ ಬಿದ್ದದ್ದು ನನಗೆ ನೆನಪಿಲ್ಲ. ಎರಡು ಚಿತ್ರಗಳನ್ನೂ ಉಸ್ತಾದರ ಮುಂದೆ, ಚಹಾದ ತಟ್ಟೆಯ ಪಕ್ಕದಲ್ಲಿ, ಜೋಡಿಸಿಟ್ಟೆ. ಒಂದರಲ್ಲಿ ಎಡಕಮಾನು ಮಾತ್ರ. ಇನ್ನೊಂದರಲ್ಲಿ ಬಲದ್ದು ಮಾತ್ರ.

ಉಸ್ತಾದರ ಕೈಯ ಲೋಟ ಬಾಯಿಯ ಹತ್ತಿರವೇ ನಿಂತಿತು. ಅವರು ಮೊದಲ ಚಿತ್ರ ನೋಡಿದರು, ಎರಡನೆಯದನ್ನು ನೋಡಿದರು, ಮತ್ತೆ ಮೊದಲನೆಯದನ್ನು ನೋಡಿದರು.

“ಮೊನೀರೆ ಖಾನುಮ್, ಬರೀಬೇಡಿ,” ಎಂದೆ. “ಕೊನೇ ದಿನ ಬೆಳಗಿನ ಜಾವ, ಬಿಳಿಚಿತ್ರ ತೆಗೆಯೋ ಮುಂಚೆ, ನಾನು ಖಾನೆ ತೆರೆದೆ. ನನ್ನ ಹೆಗಲ ಮೇಲಿದ್ದ ಬಟ್ಟೆಯಿಂದ ಒಂದು ಒಂಟೆ ಕೂದಲು ಕ್ಯಾಮೆರಾದೊಳಗೆ ಬಿತ್ತು. ಆ ಕಮಾನು ಆಕಾಶದಲ್ಲಿಲ್ಲ ಉಸ್ತಾದ್. ಅದು ಆ ಕೂದಲು.”